ಮಣ್ಣು ತೆಗೆದ ಮಾತ್ರಕ್ಕೆ ರಿಪೇರಿ ಆಗಲಿಲ್ಲ

ಸಕಲೇಶಪುರದ ಓದುಗರೊಬ್ಬರ ಪತ್ರ: "ಮಳೆ ಜೋರಾದರೆ ಸಾಕು, ಶಿರಾಡಿ ಘಾಟಿಯ ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿಯುತ್ತದೆ. ಜೆಸಿಬಿ ಬಂದು ಮಣ್ಣು ತೆಗೆಯುತ್ತದೆ. ಮತ್ತೆ ಕುಸಿಯುತ್ತದೆ. ಸುರಂಗ ಒಂದೇ ದಾರಿ ಅಲ್ವಾ?"

ನಿಮ್ಮ ಸಿಟ್ಟು ನ್ಯಾಯವಾದದ್ದು. 2024ರ ಜುಲೈನಲ್ಲಿ ಅಲ್ಲಿ ಮಣ್ಣು ವಾಹನಗಳ ಮೇಲೇ ಬಂತು. ಈ ಘಾಟಿಯಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಬಂದ್ ಆದರೆ ಮಂಗಳೂರಿಗೆ ಹೊರಟವರು ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಸುತ್ತಬೇಕು. ಅವೂ ಕುಸಿತ ಕಂಡ ಘಾಟಿಗಳೇ.

ಬುಡದಲ್ಲಿ ಬಿದ್ದ ಮಣ್ಣು ಮೇಲಿನ ಇಳಿಜಾರಿಗೆ ಆಸರೆಯೂ ಹೌದು. ರಸ್ತೆ ಬಿಡಿಸಲು ಅದನ್ನು ತೆಗೆಯಲೇಬೇಕು. ಆದರೆ ಅಲ್ಲಿಗೇ ಕೆಲಸ ನಿಲ್ಲಿಸಿದರೆ ಮುಂದಿನ ಕುಸಿತಕ್ಕೆ ಜಾಗ ಮಾಡಿಕೊಟ್ಟ ಹಾಗೆ.

ಮೂಲ ತಪ್ಪು ಅದಕ್ಕಿಂತ ಹಿಂದಿನದು. ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದರು. ನಮ್ಮ ಘಟ್ಟದಲ್ಲಿ ಬಂಡೆಯ ಮೇಲೆ ದಪ್ಪ ಮಣ್ಣಿನ ಪದರವಿದೆ. ಮಳೆನೀರು ಒಳಗಿಳಿದಂತೆ ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ಬುಡದಲ್ಲಿ ಆಸರೆ ಇಲ್ಲದಿದ್ದರೆ ಜಾರುತ್ತದೆ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕಿತ್ತು. ಅದಕ್ಕೆ ಮೇಲೆ ಜಾಸ್ತಿ ಜಾಗ ಬೇಕು. ಮೇಲಿರುವುದು ಕಾಡು, ಇಲ್ಲವೇ ಯಾರದೋ ತೋಟ. ಆ ತಕರಾರು ತಪ್ಪಿಸಲು ಕಡಿದಾಗಿ ಕತ್ತರಿಸುವುದೇ ಸುಲಭ ಎನಿಸುತ್ತದೆ.

ಸುಮ್ನೆ ತಡೆಗೋಡೆ ಕಟ್ಟಿದರೂ ಸಾಲದು. ಗೋಡೆಯ ಹಿಂದೆ ನಿಂತ ನೀರು ಗೋಡೆಯನ್ನೇ ತಳ್ಳುತ್ತದೆ. ಮೊದಲು ಗುಡ್ಡದ ನೆತ್ತಿಯಲ್ಲಿ ಚರಂಡಿ ತೋಡಿ ಮಳೆನೀರನ್ನು ಬೇರೆ ಕಡೆ ತಿರುಗಿಸಬೇಕು. ಒಳಗಿನ ನೀರು ಹೊರಬರಲು ತೂತಿನ ಪೈಪ್ ಹಾಕಬೇಕು. ಆಮೇಲೆ ಗೋಡೆ. ಇದೇ ಹೆದ್ದಾರಿಯ ದೋಣಿಗಲ್‌ನಲ್ಲಿ ಕುಸಿದದ್ದು ಕಣಿವೆ ಕಡೆಯ ರಸ್ತೆಯಂಚು. ಅಲ್ಲಿ ರಸ್ತೆಯ ಕೆಳಗಿನ ಮಣ್ಣನ್ನೂ ಮೋರಿಗಳನ್ನೂ ನೋಡಬೇಕು.

ಇನ್ನು ಸುರಂಗ. ನಿಮ್ಮೂರಿನಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಳಿಯಲ್ಲಿ 57 ಸುರಂಗಗಳಿವೆ. ಆದರೂ 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ರೈಲು ನಿಂತವು. ಸುರಂಗದ ಬಾಯಿ, ಎರಡು ಸುರಂಗಗಳ ನಡುವಿನ ಬಯಲು ಎಲ್ಲವೂ ಅದೇ ಗುಡ್ಡ, ಅದೇ ನೀರು. ಸುರಂಗ ಬೇಡ ಎನ್ನುತ್ತಿಲ್ಲ. ಅದು ಆಗುವವರೆಗೆ ಜನ ಈ ರಸ್ತೆಯಲ್ಲೇ ಓಡಾಡಬೇಕಲ್ಲ?

ಹಾಗಾಗಿ ನೀವು ಮತ್ತು ನಿಮ್ಮೂರಿನವರು ಒಂದು ಪ್ರಶ್ನೆ ಕೇಳಿ: ನೆತ್ತಿಯ ಚರಂಡಿ ಯಾವಾಗ ಆಗುತ್ತದೆ? ಮಳೆ ಬಿಟ್ಟ ಕೂಡಲೇ, ನವೆಂಬರ್‌ನಲ್ಲೇ ಕೇಳಿ. ಮೇ ತಿಂಗಳಲ್ಲಿ ಕೇಳಿದರೆ ಕೆಲಸಕ್ಕೆ ಸಮಯವೇ ಉಳಿದಿರುವುದಿಲ್ಲ.

– ಸಂಪಾದಕ