ಹೊಸ ಬ್ಯಾಟರಿ ಹಾಕಿದರೂ ನಿಂತ ಕಾರು ಸ್ಟಾರ್ಟ್ ಆಗುವುದಿಲ್ಲ: ಚಾರ್ಜ್ ಹೋಗುತ್ತಿರುವುದು ಎಲ್ಲಿಗೆ?

ಪ್ರಶ್ನೆ: ನನ್ನ ಕಾರಿಗೆ ಆರು ವರ್ಷ. ದಿನವೂ ಓಡಿಸಿದರೆ ಏನೂ ತೊಂದರೆ ಇಲ್ಲ. ಮೂರು ದಿನ ನಿಲ್ಲಿಸಿದರೆ ಮಾತ್ರ ಬೆಳಿಗ್ಗೆ ಬರೀ ‘ಕಟ್ ಕಟ್’ ಸದ್ದು. ಬ್ಯಾಟರಿ ಹಳೆಯದಾಗಿದೆ ಎಂದು 45 ಆಂಪಿಯರ್-ಅವರ್‌ನ ಹೊಸದನ್ನೇ ಹಾಕಿಸಿದೆ. ಎರಡು ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಚೆನ್ನಾಗಿದೆ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಕಳೆದ ವರ್ಷ ಹೊರಗಡೆ ಸ್ಟೀರಿಯೋ ಮತ್ತು ಡ್ಯಾಶ್‌ಕ್ಯಾಮ್ ಹಾಕಿಸಿದ್ದೆ. ಈಗ ಎಲ್ಲಿಂದ ಹುಡುಕಲು ಶುರು ಮಾಡಲಿ?

ಉತ್ತರ: ಹೊಸ ಬ್ಯಾಟರಿಗೆ ಮೊದಲೇ ಮಾಡಬೇಕಿದ್ದ ಪರೀಕ್ಷೆ ಒಂದಿದೆ. ಅದಕ್ಕೆ ಬೇಕಾಗಿರುವುದು ಒಂದು ಸ್ಪ್ಯಾನರ್ ಮತ್ತು ವೋಲ್ಟೇಜ್, ಕರೆಂಟ್ ಅಳೆಯುವ ಸಾಧಾರಣ ಮಲ್ಟಿಮೀಟರ್, ಅಷ್ಟೆ. ಬ್ಯಾಟರಿಯನ್ನು ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ. ಕೆಲವು ಗಂಟೆ ಸುಮ್ನೆ ಬಿಟ್ಟು ವೋಲ್ಟೇಜ್ ನೋಡಿ. 12.6ರ ಆಸುಪಾಸು ಇರಬೇಕು. ಈಗ ನೆಗೆಟಿವ್ ಟರ್ಮಿನಲ್‌ನ ವೈರ್ ಬಿಚ್ಚಿಟ್ಟು ಮೂರು ದಿನ ಬಿಡಿ. ಮತ್ತೆ ಅಳೆದಾಗಲೂ 12.5ರಿಂದ 12.6 ಇದ್ದರೆ ಬ್ಯಾಟರಿಯದು ತಪ್ಪಿಲ್ಲ, ಕಾರೇ ಅದನ್ನು ಕುಡಿಯುತ್ತಿದೆ. ವೈರ್ ಬಿಚ್ಚಿದ್ದರೂ 12.2ಕ್ಕೆ ಇಳಿದಿದ್ದರೆ ಬ್ಯಾಟರಿಯ ಒಳಗೇ ಒಂದು ಸೆಲ್ ಕೆಟ್ಟಿದೆ. 12.2 ಎಂದರೆ ಸುಮಾರು ಅರ್ಧ ಖಾಲಿ. ಹೊಸದರಲ್ಲೂ ಹೀಗಾಗುವುದುಂಟು, ಆಗ ವಾರಂಟಿಯಲ್ಲಿ ಬದಲಿಸಿಕೊಳ್ಳಿ.

ನಿಮ್ಮ ವಿವರಣೆ ನೋಡಿದರೆ ಕಾರಿನ ಮೇಲೆಯೇ ನನಗೆ ಅನುಮಾನ ಜಾಸ್ತಿ. ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎನ್ನುವುದೇ ದೊಡ್ಡ ಸುಳಿವು. ನಿಂತ ಕಾರು ಕೂಡ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. ಗಡಿಯಾರ, ಲಾಕ್, ಅಲಾರಂ, ಕಂಪ್ಯೂಟರ್‌ನ ನೆನಪು, ಎಲ್ಲಕ್ಕೂ ಅದು ಬೇಕು. ಸಾಮಾನ್ಯವಾಗಿ ಇದು 20ರಿಂದ 50 ಮಿಲಿಆಂಪಿಯರ್. 50 ಎಂದೇ ಹಿಡಿದರೂ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ನಿಮ್ಮ ಬ್ಯಾಟರಿ ಅರ್ಧ ಖಾಲಿಯಾಗಲು ಎರಡೂವರೆ ವಾರ ಬೇಕು. ಆದರೆ ನಿಮಗೆ ಮೂರೇ ದಿನ ಸಾಕಾಗುತ್ತಿದೆ. ಮೂರು ದಿನದಲ್ಲಿ 25ರಿಂದ 30 ಆಂಪಿಯರ್-ಅವರ್ ಹೋಗಬೇಕಾದರೆ ಗಂಟೆ ಗಂಟೆಗೂ 0.35ರಿಂದ 0.4 ಆಂಪಿಯರ್ ಹೋಗುತ್ತಿರಬೇಕು. ಇದು ಸರಿಸುಮಾರು ಒಂದು 5 ವ್ಯಾಟ್ ಬಲ್ಬ್ ಎಳೆಯುವಷ್ಟು. ಪಾರ್ಕಿಂಗ್ ಮೋಡ್‌ನಲ್ಲಿರುವ, ಅಂದರೆ ಕಾರು ನಿಂತಾಗಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಕೂಡ ಹೆಚ್ಚುಕಡಿಮೆ ಇಷ್ಟೇ ಎಳೆಯಬಹುದು. ನಾವು ಹುಡುಕುತ್ತಿರುವುದು ಈ ಗಾತ್ರದ್ದನ್ನು. ಶಾರ್ಟ್ ಸರ್ಕ್ಯೂಟ್ ಅಂತೂ ಅಲ್ಲ, ಆಗಿದ್ದರೆ ಫ್ಯೂಸ್ ಯಾವತ್ತೋ ಹೋಗಿರುತ್ತಿತ್ತು.

ಹಾಗಾಗಿ ಮೀಟರ್ ಹಿಡಿಯುವ ಮೊದಲು ಸುಲಭದ್ದನ್ನು ನೋಡಿಬಿಡಿ. ಡ್ಯಾಶ್‌ಕ್ಯಾಮ್ ಪ್ಲಗ್ ಕಿತ್ತು ಮೂರು ದಿನ ನಿಲ್ಲಿಸಿ ನೋಡಿ. ಎಂಜಿನ್ ಆಫ್ ಆದ ಮೇಲೂ ಕೆಲವು ಕಾರುಗಳ ಚಾರ್ಜಿಂಗ್ ಸಾಕೆಟ್‌ನಲ್ಲಿ ಕರೆಂಟ್ ಇರುತ್ತದೆ. ಫೋನ್ ಚಾರ್ಜರ್, ಟ್ರ್ಯಾಕರ್, ಸ್ಟೀರಿಂಗ್ ಕೆಳಗಿನ ಓಬಿಡಿ (ಕಾರಿನ ದೋಷ ಪತ್ತೆ ಮಾಡುವ) ಸಾಕೆಟ್‌ಗೆ ಚುಚ್ಚಿದ ಸಾಧನ ಏನಾದರೂ ಇದ್ದರೆ ಅದನ್ನೂ ತೆಗೆಯಿರಿ. ಆಮೇಲೆ ಡಿಕ್ಕಿಯ ದೀಪ ಮತ್ತು ಗ್ಲವ್ ಬಾಕ್ಸ್ ದೀಪ. ಮುಚ್ಚಿದ ಮೇಲೆ ಅವು ಆರುತ್ತವೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ ಅಲ್ವಾ? ಫೋನ್‌ನಲ್ಲಿ ವಿಡಿಯೋ ಹಾಕಿ ಒಳಗಿಟ್ಟು ಮುಚ್ಚಿ, ತೆರೆದು ನೋಡಿದರೆ ಆಯಿತು.

ಸ್ಟೀರಿಯೋ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಹೊರಗಡೆ ಹಾಕಿಸುವ ಸ್ಟೀರಿಯೋಗೆ ಸಾಮಾನ್ಯವಾಗಿ ಹಳದಿ ಮತ್ತು ಕೆಂಪು, ಎರಡು ಪವರ್ ವೈರ್ ಇರುತ್ತವೆ. ಹಳದಿಗೆ ಯಾವಾಗಲೂ ಕರೆಂಟ್ ಬೇಕು, ನೆನಪು ಉಳಿಯಲು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಅವಸರದ ಕೆಲಸದಲ್ಲಿ ಎರಡನ್ನೂ ಒಟ್ಟಿಗೆ ತಿರುಚಿ ಸದಾ ಕರೆಂಟ್ ಇರುವ ವೈರ್‌ಗೇ ಕೊಟ್ಟುಬಿಡುತ್ತಾರೆ. ಹಾಡು ಬರುತ್ತದೆ, ಗಿರಾಕಿ ಖುಷಿ! ಆದರೆ ಕೀ ತೆಗೆದದ್ದು ಸ್ಟೀರಿಯೋಗೆ ತಿಳಿಯುವುದೇ ಇಲ್ಲ. ಬೇರೆ ಆಂಪ್ಲಿಫೈಯರ್ ಕೂರಿಸಿದ್ದರೆ ಅದನ್ನು ಆನ್ ಮಾಡುವ ತೆಳು ವೈರ್‌ನಲ್ಲೂ ಇದೇ ತಪ್ಪು ಆಗಿರಬಹುದು. ಕೀ ತೆಗೆದು ಅರ್ಧ ಗಂಟೆಯಾದ ಮೇಲೆ ಆಂಪ್ಲಿಫೈಯರ್ ಮುಟ್ಟಿ ನೋಡಿ. ದೀಪ ಉರಿಯುತ್ತಿದ್ದರೆ, ಅಥವಾ ಇನ್ನೂ ಬಿಸಿ ಇಳಿಯದಿದ್ದರೆ, ಅದೇ ಕಾರಣ.

ಇಷ್ಟಕ್ಕೂ ಸಿಗದಿದ್ದರೆ ಈಗ ಮೀಟರ್. ಎಲ್ಲ ಆಫ್ ಮಾಡಿ, ಬಾನೆಟ್ ತೆರೆಯಿರಿ. ಒಳಗಿನ ಫ್ಯೂಸ್ ಬಾಕ್ಸ್ ಕೈಗೆ ಸಿಗುವಂತೆ ಒಂದು ಬಾಗಿಲು ತೆರೆದಿಟ್ಟು, ಅದರ ಲಾಕ್‌ನ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಸ್ಥಿತಿಗೆ ಒತ್ತಿಡಿ. ಬಾಗಿಲು ಮುಚ್ಚಿದೆ ಎಂದು ಕಾರು ತಿಳಿಯಬೇಕು. ಪರೀಕ್ಷೆ ಮುಗಿದ ಮೇಲೆ ಹಿಡಿಕೆ ಎಳೆದು ಕೊಂಡಿ ಬಿಡಿಸಿ, ಆಮೇಲೇ ಬಾಗಿಲು ಹಾಕಿ. ಕೀ ನಿಮ್ಮ ಜೇಬಿನಲ್ಲೂ ಬೇಡ, ದೂರ ಇಡಿ. ಕೀಲೆಸ್ ಕಾರುಗಳು ಕೀ ಹತ್ತಿರ ಬಂದರೆ ಎಚ್ಚರವಾಗುತ್ತವೆ.

ಮೀಟರನ್ನು 10 ಆಂಪಿಯರ್ ಡಿಸಿ ರೇಂಜ್‌ಗೆ ಹಾಕಿ, ಕೆಂಪು ಪ್ರೋಬ್‌ನ ಪಿನ್ನನ್ನೂ 10 ಆಂಪಿಯರ್ ತೂತಿಗೆ ಬದಲಿಸಿ. ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಬಿಚ್ಚಲಿರುವ ವೈರ್‌ನ ಕ್ಲ್ಯಾಂಪ್‌ಗೆ ಕ್ಲಿಪ್ ಹಾಕಿ. ಎರಡೂ ಗಟ್ಟಿಯಾಗಿ ಕೂತ ಮೇಲೆಯೇ ಕ್ಲ್ಯಾಂಪ್ ಎತ್ತಿ. ಹೀಗೆ ಮಾಡಿದರೆ ಸಂಪರ್ಕ ಕಡಿಯುವುದಿಲ್ಲ. ಕಡಿದರೆ ಕಾರಿನ ಕಂಪ್ಯೂಟರ್‌ಗಳೆಲ್ಲ ಒಮ್ಮೆಗೇ ಎದ್ದು ಕೂರುತ್ತವೆ, ಮೀಟರ್ ಒಂದೆರಡು ಆಂಪಿಯರ್ ತೋರಿಸಿ ನಿಮ್ಮನ್ನು ಹೆದರಿಸುತ್ತದೆ. ಪಾಸಿಟಿವ್ ಕಡೆಗೆ ಕೈ ಹಾಕಬೇಡಿ. ಮೀಟರ್ ಹೀಗೆ ಮಧ್ಯದಲ್ಲಿರುವಾಗ ಸ್ಟಾರ್ಟ್ ಮಾಡಲೇಬೇಡಿ, ಮೀಟರ್‌ನ ಫ್ಯೂಸ್ ಆ ಕ್ಷಣಕ್ಕೇ ಹೋಗುತ್ತದೆ.

ಈಗ ಕಾಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕೀ ತೆಗೆದ ತಕ್ಷಣ ಕಾರು ಮಲಗುವುದಿಲ್ಲ. ಕೆಲವಕ್ಕೆ ಹತ್ತು ನಿಮಿಷ, ಕೆಲವಕ್ಕೆ ಮುಕ್ಕಾಲು ಗಂಟೆ, ಇನ್ನೂ ಜಾಸ್ತಿ ಹಿಡಿಯುವ ಕಾರುಗಳೂ ಇವೆ. ಅಲ್ಲಿಯವರೆಗೆ ಕಾಣುವ ಅಂಕಿಗೆ ಅರ್ಥವಿಲ್ಲ. ಒಂದು ಗಂಟೆಯ ನಂತರವೂ 50 ಮಿಲಿಆಂಪಿಯರ್‌ಗಿಂತ ತುಂಬಾ ಮೇಲೆ, ಅಂದರೆ 300, 400ರ ಹತ್ತಿರ ನಿಂತಿದ್ದರೆ ನಮ್ಮ ಲೆಕ್ಕ ಸರಿ.

ಒಂದೊಂದೇ ಫ್ಯೂಸ್ ಕಿತ್ತು ಅಂಕಿ ಯಾವಾಗ ಬೀಳುತ್ತದೆ ಎಂದು ನೋಡುವುದು ಹಳೆಯ ಪದ್ಧತಿ. ಹಳೆಯ ಕಾರಿಗೆ ಅದು ಸಾಕು. ಕಂಪ್ಯೂಟರ್ ಜಾಸ್ತಿ ಇರುವ ಕಾರಿನಲ್ಲಿ ಫ್ಯೂಸ್ ವಾಪಸ್ ಹಾಕಿದ ಕೂಡಲೇ ಮಲಗಿದ್ದದ್ದು ಏಳುತ್ತದೆ, ಮತ್ತೆ ಕಾಯಬೇಕು. ನಾನು ಹೇಳುವ ದಾರಿ ಬೇರೆ. ಬ್ಯಾಟರಿಯ ವೈರ್ ಎಂದಿನಂತೆ ಬಿಗಿದಿಟ್ಟು, ಪ್ರೋಬ್ ಪಿನ್ನನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ, ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ. ಪ್ರತಿ ಫ್ಯೂಸ್‌ನ ನೆತ್ತಿಯಲ್ಲಿ ಎರಡು ಚಿಕ್ಕ ಲೋಹದ ಚುಕ್ಕೆಗಳಿರುತ್ತವೆ. ಕಾರು ಮಲಗಿದ ಮೇಲೆ ಅವೆರಡಕ್ಕೂ ಪ್ರೋಬ್ ಮುಟ್ಟಿಸಿ. ಸೊನ್ನೆ ಬಂದರೆ ಆ ದಾರಿಯಲ್ಲಿ ಕರೆಂಟ್ ಇಲ್ಲ. ಕೆಲವು ಮಿಲಿವೋಲ್ಟ್ ಬಂದರೆ ಅಲ್ಲಿ ಹರಿಯುತ್ತಿದೆ. ಏನನ್ನೂ ಕೀಳಬೇಕಿಲ್ಲ, ಯಾವುದೂ ಏಳುವುದಿಲ್ಲ. ಸಿಕ್ಕಿದ ಫ್ಯೂಸ್ ಏನೇನಕ್ಕೆ ಹೋಗುತ್ತದೆ ಎಂದು ಕಾರಿನ ಕೈಪಿಡಿಯಲ್ಲಿ ನೋಡಿ, ಅಲ್ಲಿಂದ ಮುಂದಕ್ಕೆ ಒಂದೊಂದೇ ಕನೆಕ್ಟರ್ ಬಿಚ್ಚಿ. ಅಂಟಿಕೊಂಡ ರಿಲೇ (ಕರೆಂಟ್‌ನಿಂದ ನಡೆಯುವ ಸ್ವಿಚ್), ಮುಚ್ಚಿದ್ದು ತಿಳಿಯದ ಬಾಗಿಲ ಸ್ವಿಚ್, ಇಂಥವೇ ಸಾಮಾನ್ಯವಾಗಿ ಸಿಗುವುದು.

ಎಲ್ಲ ಫ್ಯೂಸ್‌ಗಳಲ್ಲೂ ಸೊನ್ನೆ, ಆದರೂ ಕರೆಂಟ್ ಹೋಗುತ್ತಿದೆಯೇ? ಹಾಗಿದ್ದರೆ ಆಲ್ಟರ್ನೇಟರ್ ನೋಡಿ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಎಂಜಿನ್ ಓಡುವಾಗ 14 ವೋಲ್ಟ್ ಬರುತ್ತಿದೆ ಎಂದು ನೋಡಿ ಚೆನ್ನಾಗಿದೆ ಎಂದಿರುತ್ತಾರೆ. ಆದರೆ ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳಲ್ಲಿ ಒಂದು ಕೆಟ್ಟರೂ ಚಾರ್ಜ್ ಆಗುತ್ತಲೇ ಇರುತ್ತದೆ. ಎಂಜಿನ್ ನಿಂತಾಗ ಆ ಡಯೋಡ್ ಮೂಲಕ ಕರೆಂಟ್ ಹಿಮ್ಮುಖವಾಗಿ ಹೋಗುತ್ತದೆ. ರಾತ್ರಿಯಿಡೀ ನಿಂತ ಕಾರಿನ ಆಲ್ಟರ್ನೇಟರ್ ಬೆಳಿಗ್ಗೆ ಕೈಗೆ ಬೆಚ್ಚಗಿದ್ದರೆ ಬೇರೆ ಸಾಕ್ಷಿ ಬೇಡ. ತಣ್ಣಗಿದ್ದ ಮಾತ್ರಕ್ಕೆ ಬಿಡಬೇಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಮೇಲೆ ಆಲ್ಟರ್ನೇಟರ್ ಹಿಂದಿನ ದಪ್ಪ ವೈರ್ ಬಿಚ್ಚಿ ಟೇಪ್ ಸುತ್ತಿ, ಮೊದಲಿನಂತೆ 10 ಆಂಪಿಯರ್ ರೇಂಜ್‌ನಲ್ಲಿ ಮೀಟರ್ ಜೋಡಿಸಿ ನೋಡಿ. ಕಾರು ಮಲಗಿದ ಮೇಲೆ ಅಂಕಿ ಬಿದ್ದರೆ ಡಯೋಡ್ ಬದಲಾಗಬೇಕು.

ಕಾರಣ ಸಿಕ್ಕಿ ಸರಿಪಡಿಸಿದ ಮೇಲೆ ಹೊಸ ಬ್ಯಾಟರಿಯನ್ನು ಚಾರ್ಜರ್‌ನಲ್ಲಿ ನಿಧಾನವಾಗಿ ಪೂರ್ತಿ ತುಂಬಿಸಿ, ಲೋಡ್ ಟೆಸ್ಟ್ (ಭಾರಿ ಕರೆಂಟ್ ಎಳೆದು ಬ್ಯಾಟರಿಯ ಬಲ ನೋಡುವ ಪರೀಕ್ಷೆ) ಮಾಡಿಸಿ. ಕಾರಿನ ಬ್ಯಾಟರಿ ಪದೇ ಪದೇ ಪೂರ್ತಿ ಖಾಲಿಯಾಗುವುದನ್ನು ತಾಳಿಕೊಳ್ಳುವುದಿಲ್ಲ. ಎರಡು ವಾರದಲ್ಲೇ ಅದರ ಸ್ವಲ್ಪ ಆಯಸ್ಸು ಕಳೆದಿರಬಹುದು.

ಪ್ರಶ್ನೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿ ಇದೆ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಬೇಡವೇ ಬೇಡ. ಬ್ಯಾಟರಿ ಇಲ್ಲದಾಗ ಆಲ್ಟರ್ನೇಟರ್‌ನ ವೋಲ್ಟೇಜ್ ಒಮ್ಮೆಲೇ ಹಲವು ಪಟ್ಟು ಚಿಮ್ಮಿ ಎಂಜಿನ್ ಕಂಪ್ಯೂಟರ್ ಸುಟ್ಟುಹೋಗಬಹುದು. ಬದಲಿಗೆ ಎಂಜಿನ್ ಓಡುವಾಗ ಬ್ಯಾಟರಿಯ ಟರ್ಮಿನಲ್‌ಗಳಿಗೆ ಮೀಟರ್ ಮುಟ್ಟಿಸಿ, 13.8ರಿಂದ 14.5 ವೋಲ್ಟ್ ಬಂದರೆ ಚಾರ್ಜ್ ಆಗುತ್ತಿದೆ ಎಂದರ್ಥ. ಇತ್ತೀಚಿನ ಕೆಲವು ಕಾರುಗಳು ಇದನ್ನು ತಾವೇ ಏರಿಸಿ ಇಳಿಸುತ್ತವೆ, ಸ್ವಲ್ಪ ಕಡಿಮೆ ಕಂಡರೆ ಗಾಬರಿ ಬೀಳಬೇಡಿ.

ಪ್ರಶ್ನೆ: ಒಂದು ತಿಂಗಳು ಕಾರು ನಿಲ್ಲಿಸಬೇಕಾಗಿದೆ. ವಾರಕ್ಕೊಮ್ಮೆ ಯಾರಾದರೂ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಲದೇ?

ಉತ್ತರ: ಸಾಲದು. ನಿಂತಲ್ಲೇ ನಿಧಾನವಾಗಿ ಓಡುವ ಎಂಜಿನ್‌ನಲ್ಲಿ ಆಲ್ಟರ್ನೇಟರ್ ಕೊಡುವುದೇ ಕಡಿಮೆ, ಬ್ಯಾಟರಿ ಹೀರಿಕೊಳ್ಳುವುದೂ ನಿಧಾನ. ಎಂಜಿನ್ ಸರಿಯಾಗಿ ಬಿಸಿಯಾಗದೆ ಆಯಿಲ್‌ನಲ್ಲಿ ನೀರಿನ ಅಂಶ ಉಳಿಯುವುದು ಬೇರೆ. ಪ್ಲಗ್ ಪಾಯಿಂಟ್ ಹತ್ತಿರವಿದ್ದರೆ ತಾನೇ ನಿಯಂತ್ರಿಸಿಕೊಳ್ಳುವ ಚಾರ್ಜರ್ ಹಾಕಿಡಿ. ಇಲ್ಲದಿದ್ದರೆ ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ವೈರ್ ಬಿಚ್ಚಿಡಿ. ಹಾಗೆ ಬಿಚ್ಚುವ ಮೊದಲು ಕರೆಂಟ್ ಹೋಗಿ ಬಂದಾಗ ಸ್ಟೀರಿಯೋ ಕೋಡ್ ಕೇಳುವುದಾದರೆ ಅದನ್ನು ಬರೆದಿಟ್ಟುಕೊಳ್ಳಿ, ಡಿಕ್ಕಿ ಮತ್ತು ಬಾಗಿಲು ಬರೀ ಕೀಯಿಂದ ತೆರೆಯುತ್ತವೆಯೇ ನೋಡಿ. ಬ್ಯಾಟರಿ ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ.