ಕ್ಲಾಸಿನಲ್ಲಿ ‘ನೀನು ಕ್ರಿಶ್ಚಿಯನ್ನಾ?’ ಎಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಬೀದರ್ ಕಡೆಯವರು, ಪಿಂಪ್ರಿಯಲ್ಲಿದ್ದೇವೆ. ಒಂಬತ್ತನೇ ತರಗತಿಯ ಮಗನನ್ನು ಶಾಲೆಯಲ್ಲಿ ಕೆಲವರು ‘ಅಕ್ಕಿ ಮೂಟೆಗೆ ಧರ್ಮ ಬಿಟ್ಟವರು’ ಎಂದು ಚುಚ್ಚುತ್ತಾರಂತೆ. ಈಗ ಚರ್ಚಿಗೆ ಹೋಗುವುದನ್ನೇ ಗೆಳೆಯರಿಂದ ಮುಚ್ಚಿಡುತ್ತಾನೆ. ಧೈರ್ಯ ತುಂಬುವುದು ಹೇಗೆ? — ಒಬ್ಬ ತಾಯಿ

ಉತ್ತರ: ಅಮ್ಮ, ಅವನು ಇದನ್ನು ನಿಮ್ಮ ಹತ್ತಿರ ಹೇಳಿಕೊಂಡಿದ್ದಾನೆ, ಅದನ್ನು ಕೆಡಿಸಿಕೊಳ್ಳಬೇಡಿ. ‘ಯೇಸುವಿನ ವಿಷಯದಲ್ಲಿ ನಾಚಿಕೆಯಾ?’ ಎಂದು ಗದರಿದರೆ ಮುಂದೆ ನಿಮ್ಮಿಂದಲೂ ಮುಚ್ಚಿಡುತ್ತಾನೆ. ಇದ್ದಿಲ ಬೆಂಕಿಯ ಬಳಿ ನಿಂತು ‘ನಾನು ಯೇಸುವಿನ ಶಿಷ್ಯನಲ್ಲ’ ಅಂದ ಪೇತ್ರನನ್ನು ಕರ್ತನು ಮತ್ತೊಂದು ಇದ್ದಿಲ ಬೆಂಕಿಯ ಬಳಿ ಊಟಕ್ಕೆ ಕರೆದು, ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಕೆಲಸ ಒಪ್ಪಿಸಿದನು. ಯೋಹಾನ 18 ಮತ್ತು 21ನ್ನು ಮಗನ ಜೊತೆ ಒಂದೇ ಸಂಜೆ ಓದಿ.

ಈ ವಯಸ್ಸಿನಲ್ಲಿ ಬಾಯಿ ಕಟ್ಟುವುದು ಹೆಚ್ಚಾಗಿ ಆ ಗಳಿಗೆಗೆ ಮಾತು ಸಿದ್ಧವಿಲ್ಲದೆ. ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ: ವಾಕ್ಯ ಕಲಿತದ್ದು ಕನ್ನಡದಲ್ಲಿ, ಚುಚ್ಚುಮಾತು ಬರುವುದು ಹಿಂದಿ, ಮರಾಠಿಯಲ್ಲಿ. ಆದ್ದರಿಂದ ಶನಿವಾರ ರಾತ್ರಿ ಹತ್ತು ನಿಮಿಷ ಅಪ್ಪ ಚುಚ್ಚುವ ಹುಡುಗನಾಗಲಿ, ಶಾಲೆಯ ಭಾಷೆಯಲ್ಲೇ ಕೆಣಕಲಿ. ಮಗ ಎರಡು ಮಾತಿನಲ್ಲಿ ಉತ್ತರಿಸಲಿ: ‘ಹೌದು, ನಾನು ಕ್ರಿಶ್ಚಿಯನ್. ಅಕ್ಕಿ ಮಾತು ಸುಳ್ಳು, ನಿಜ ತಿಳೀಬೇಕಂದ್ರೆ ಬ್ರೇಕಲ್ಲಿ ಬಾ, ಹೇಳ್ತೀನಿ.’ ಅಷ್ಟು ಹೇಳಿ ಮಾಡುತ್ತಿದ್ದ ಕೆಲಸಕ್ಕೆ ತಿರುಗಲಿ. ಮೂರನೇ ಮಾತಿಗೆ ಜಗಳ ಶುರುವಾಗುತ್ತದೆ. ಅವರ ದೇವರ ಬಗ್ಗೆ ಒಂದು ಹಗುರ ಮಾತೂ ಬರಕೂಡದು. ಉತ್ತರ ಸಾತ್ವಿಕವಾಗಿರಲಿ ಎಂದೇ 1 ಪೇತ್ರ 3:15 ಹೇಳುವುದು. ನಾಲ್ಕೈದು ವಾರ ಹೀಗೆ ಆಡಿದರೆ ದನಿ ನಡುಗುವುದು ನಿಲ್ಲುತ್ತದೆ.

ಒಂದು ರಜೆಯ ದಿನ ಪುಣೆ–ದೌಂಡ್ ಮಾರ್ಗದ ಕೇಡಗಾಂವ್‌ಗೆ ಕರೆದುಕೊಂಡು ಹೋಗಿ, ನಿರ್ಗತಿಕ ಹೆಂಗಸರು, ಮಕ್ಕಳಿಗಾಗಿ ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಅಲ್ಲಿದೆ. 1858ರಲ್ಲಿ ಕಾರ್ಕಳದ ಕಡೆಯ ಕಾಡಿನಲ್ಲಿ ಹುಟ್ಟಿದ ಸಂಸ್ಕೃತ ವಿದುಷಿ, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೂ ಆಶ್ರಯ ಕೊಟ್ಟ ಸಿಸ್ಟರ್‌ಗಳ ಜೊತೆ ಸಿದ್ಧಾಂತದ ವಿಷಯಕ್ಕೆ ಪತ್ರದಲ್ಲೇ ವಾದಿಸಿದರು. 1897ರಲ್ಲಿ ಪುಣೆಯ ಪ್ಲೇಗ್ ಕ್ಯಾಂಪುಗಳಲ್ಲಿ ಹೆಂಗಸರಿಗಾಗುವ ಅನ್ಯಾಯವನ್ನು ಪತ್ರಿಕೆಗೆ ಬರೆದು ಬ್ರಿಟಿಷ್ ಸರ್ಕಾರವನ್ನೇ ಪ್ರಶ್ನಿಸಿದರು. ‘ಪರದೇಶಿಯರ ಧರ್ಮ’ ಎಂಬ ಮಾತು ಬಂದಾಗ ಹುಡುಗನಿಗೆ ಇದು ನೆನಪಿರಲಿ.

ಮಾತು ಬಿಟ್ಟು ತಳ್ಳಾಟಕ್ಕೆ ಬಂದರೆ, ಗುಂಪು ಕಟ್ಟಿ ಕಾಡಿದರೆ, ಅವನು ಊಟ ನಿದ್ದೆ ಬಿಟ್ಟರೆ, ಅದನ್ನು ಅವನ ಧೈರ್ಯಕ್ಕೆ ಬಿಡಬೇಡಿ. ತಾರೀಕು, ಆಡಿದ ಮಾತು, ನೋಡಿದವರು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶಾಲೆಗೆ ಲಿಖಿತ ದೂರು ಕೊಟ್ಟು ನಿಮ್ಮ ಪ್ರತಿಯ ಮೇಲೆ ಸಹಿ ಪಡೆಯಿರಿ. ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಮಗಳು ಹನ್ನೊಂದನೇ ಸೈನ್ಸ್. ಎಲ್ಲರೂ ಸೀನಿಯರ್‌ಗಳ ಪ್ರಯೋಗದ ಜರ್ನಲ್ ನೋಡಿ ರೀಡಿಂಗ್ ಬರೆದರೆ ಇವಳೊಬ್ಬಳೇ ತನ್ನದನ್ನೇ ಬರೆಯುತ್ತಾಳೆ. ಉತ್ತರ ತಪ್ಪಾಗಿ ಮಾರ್ಕ್ಸ್ ಹೋಗುತ್ತದೆ. ಸ್ವಲ್ಪ ಹೊಂದಿಕೋ ಎನ್ನಬಹುದೇ? — ಒಬ್ಬ ತಂದೆ, ಠಾಣೆ

ಉತ್ತರ: ದಯವಿಟ್ಟು ಅನ್ನಬೇಡಿ ಸರ್. ನೀವು ಹಾಗೆಂದರೆ, ಪ್ರಾಮಾಣಿಕತೆ ಭಾನುವಾರಕ್ಕೆ ಮಾತ್ರ ಎಂದು ಅವಳು ಕಲಿಯುತ್ತಾಳೆ. ಅವಳಿಗೆ ಬೇಕಿರುವುದು ತಪ್ಪು ಹುಡುಕುವ ಕೌಶಲ್ಯ. ಲೋಲಕದ, ಅಂದರೆ ದಾರಕ್ಕೆ ಕಟ್ಟಿ ತೂಗಾಡಿಸುವ ಗುಂಡಿನ ಪ್ರಯೋಗವನ್ನೇ ನೋಡಿ. ಗುಂಡು ಬಿಟ್ಟಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಕೆ ಶುರುಮಾಡಿದರೆ 20 ಆಂದೋಲನ ಎಂದುಕೊಂಡದ್ದು 19 ಮಾತ್ರ ಆಗಿರುತ್ತದೆ, 9.8 ಬರಬೇಕಾದ ಗುರುತ್ವ ವೇಗೋತ್ಕರ್ಷ 10.9ರ ಹತ್ತಿರ ಬರುತ್ತದೆ. ದಾರದ ಉದ್ದವನ್ನು ಗುಂಡಿನ ನಡುಮಧ್ಯದವರೆಗೆ ಅಳೆಯದೆ ಕೊಕ್ಕೆಗೇ ನಿಲ್ಲಿಸಿದರೆ ಉತ್ತರ ಕಡಿಮೆ ಬರುತ್ತದೆ. ಸಮಯವಿದ್ದರೆ ಮತ್ತೆ ಅಳೆಯಲಿ. ಇಲ್ಲದಿದ್ದರೆ ಬಂದ ಸಂಖ್ಯೆಯನ್ನೇ ಬರೆದು, ಕೆಳಗೆ ಯಾಕೆ ಹೀಗಾಗಿರಬಹುದು ಎಂದು ಎರಡು ಸಾಲು ಸೇರಿಸಲಿ. ಮೌಖಿಕ ಪರೀಕ್ಷೆಯಲ್ಲಿ ನಕಲು ಮಾಡಿದವರು ತೊದಲುವುದು ಇಂಥ ಪ್ರಶ್ನೆಗೇ. ಗೆಳತಿಯರ ಮೇಲೆ ದೂರು ಹೇಳಲು ಹೋಗದಿರಲಿ. ಆದರೂ ಒಂದೆರಡು ಮಾರ್ಕ್ಸ್ ಹೋದೀತು. ಅದಕ್ಕೆ ಮನೆಯಲ್ಲಿ ಮುಖ ಸಿಂಡರಿಸಬೇಡಿ. ನೀವು ಆಫೀಸಿಗೆ ಕೊಡುವ ಬಾಡಿಗೆ ರಸೀದಿ, ಮೆಡಿಕಲ್ ಬಿಲ್ಲುಗಳು ನಿಜವೇ ಎಂದೂ ಅವಳು ನೋಡುತ್ತಿರುತ್ತಾಳೆ.

ಪ್ರಶ್ನೆ: ನನಗೆ 16. ಸೊಸೈಟಿಯ ಗಣಪತಿ ಪ್ರಸಾದ ಮುಟ್ಟಬೇಡ ಅಂತಾರೆ ಅಪ್ಪ. ಸಂಡೇ ಸ್ಕೂಲ್ ಟೀಚರ್ ತಿನ್ನಬಹುದು ಅಂದ್ರು. ಯಾರ ಮಾತು ಕೇಳಲಿ? — ಡೊಂಬಿವಲಿ

ಉತ್ತರ: ಕ್ರೈಸ್ತ ಸಭೆಗಳಲ್ಲೇ ಎರಡು ಅಭಿಪ್ರಾಯವಿದೆ. ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಹೇಳುವ 1 ಕೊರಿಂಥ 8 ಮತ್ತು 10ನ್ನು ಅಪ್ಪನ ಜೊತೆ ಕೂತು ಓದು, ಅವರ ಕಾರಣ ಕೇಳು, ನಿನ್ನ ಅನುಮಾನವನ್ನೂ ಹೇಳು. ಅವರ ಮನೆಯಲ್ಲಿರುವಷ್ಟು ದಿನ ಈ ವಿಷಯದಲ್ಲಿ ಅವರ ಮಾತು ನಡೆಯಲಿ. ತೆಗೆದುಕೊಂಡು ಮೂಲೆಯ ಡಬ್ಬಿಗೆ ಎಸೆಯುವುದು ಮಾತ್ರ ಬೇಡವೇ ಬೇಡ, ಅದು ಪ್ರಸಾದ ಕೊಟ್ಟವರಿಗೆ ಅವಮಾನ, ನಿನಗೆ ಸುಳ್ಳು. ಕೈಮುಗಿದು ‘ಆಂಟಿ, ನಮ್ಮಲ್ಲಿ ತಗೊಳ್ಳಲ್ಲ, ಬೇಜಾರಾಗಬೇಡಿ’ ಅಂದರೆ ಸಾಕು. ಚೌತಿಗೆ ಒಂದು ವಾರ ಮೊದಲೇ ಸೆಕ್ರೆಟರಿ ಅಂಕಲ್‌ಗೆ ಹೇಳು: ಆರತಿಗೆ ನಿಲ್ಲಲ್ಲ, ಆದರೆ ಕುರ್ಚಿ ಹಾಕಲು, ಮಕ್ಕಳ ಆಟೋಟ ನಡೆಸಲು, ವಿಸರ್ಜನೆಯ ದಿನ ನೀರು ಹಂಚಲು ಬರ್ತೀನಿ ಅಂತ. ಹೇಳಿದ ಮೇಲೆ ಹೇಳಿದ ಹೊತ್ತಿಗೆ ಹೋಗು.