ಮೋಲ್ಡ್ ಹಾಕಲು ದೂರದಿಂದ ಬಂದವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಮನೆಯ ಮೋಲ್ಡ್, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನ (ಆರ್‌ಸಿಸಿ) ಚಾವಣಿ ಕೆಲಸಕ್ಕೆ ಬರುತ್ತಿರುವ ಹೊರಗಿನ ಕೆಲಸಗಾರರು. ದಾವಣಗೆರೆಯಲ್ಲಿ ಮನೆಗಳ ಕೆಲಸ ನೋಡಿಕೊಳ್ಳುವ ಎಂಜಿನಿಯರ್ ಆಗಿ ನಾನು ದಿನ ಬೆಳಗಾದರೆ ಇವರ ಜೊತೆಗೇ ಇರುವವಳು. ಬಣ್ಣ, ಬಾಗಿಲು, ವಾಸ್ತುವಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಸರಸ್ವತಿ ನಗರದಲ್ಲಿ 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಲಿಂಟಲ್ ದಾಟಿದೆ. ಇಲ್ಲಿಯವರೆಗೆ ಹರಪನಹಳ್ಳಿ ಕಡೆಯ ಗಾರೆಯವರು ಮಾಡಿದರು. ಸೆಂಟ್ರಿಂಗ್ (ಹಸಿ ಕಾಂಕ್ರೀಟಿಗೆ ಕೆಳಗಿನಿಂದ ಕೊಡುವ ತಾತ್ಕಾಲಿಕ ಆಸರೆ), ಮೋಲ್ಡಿಗೆ ಮಾತ್ರ ಬಿಹಾರದ ಹುಡುಗರನ್ನು ಕರೆಸ್ತೀನಿ, ಚದರಕ್ಕೆ ರೇಟೂ ಕಡಿಮೆ ಬೀಳುತ್ತೆ ಅಂತಾರೆ ಮೇಸ್ತ್ರಿ. ನಮ್ಮ ಮಾವನವರು ‘ಗುರುತು ಪರಿಚಯ ಇಲ್ಲದವರ ಕೈಗೆ ಆರ್‌ಸಿಸಿ ಕೊಡಬೇಡ್ರಿ, ನಾಳೆ ಸೋರಿದರೆ ಯಾರನ್ನ ಹುಡುಕ್ತೀರಿ?’ ಅಂತ ಒಂದೇ ಸಮನೆ ಹೇಳ್ತಿದಾರೆ. ಏನು ಮಾಡಲಿ?
— ಗೃಹಿಣಿ, ಸರಸ್ವತಿ ನಗರ, ದಾವಣಗೆರೆ

ಉತ್ತರ: ಮೊದಲು ಮೇಸ್ತ್ರಿಯನ್ನು ಕೂರಿಸಿಕೊಂಡು ಕೇಳಿ, ರೇಟು ಯಾಕೆ ಕಡಿಮೆ ಅಂತ. ಅವರ ಹತ್ತಿರ ಸ್ವಂತ ಶೀಟು, ಜಾಕಿ ಇವೆ, ಬರೀ ಇದೇ ಕೆಲಸ ಮಾಡಿ ಕೈ ಪಳಗಿದೆ, ಬೇಗ ಮುಗಿಯುತ್ತೆ ಅಂದರೆ ಒಪ್ಪಬಹುದಾದ ಕಾರಣ. ‘ಕಟ್ಟಡದಲ್ಲೇ ಮಲಗ್ತಾರೆ, ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೂ ದುಡಿಸಬಹುದು, ಊರಿಗೆ ಹೋಗುವಾಗ ಲೆಕ್ಕ ಮಾಡಿದರಾಯ್ತು’ ಅಂದರೆ ನಿಮಗೆ ಉಳಿಯುವ ಹಣ ಆ ಹುಡುಗರ ಮೈಯಿಂದ ಕಿತ್ತದ್ದು. ಹೊರ ರಾಜ್ಯದಿಂದ ಬಂದವರಿಗೆ, ಅದೇ ಕೆಲಸ ಮಾಡುವ ಸ್ಥಳೀಯರಿಗಿಂತ ಕಡಿಮೆ ಕೂಲಿ ಕೊಡಕೂಡದು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಸ್ಪಷ್ಟವಾಗಿಯೇ ಹೇಳಿತ್ತು. ಕಾಯ್ದೆಗಳು ಈಗ ಬದಲಾಗಿವೆ, ಆ ನ್ಯಾಯ ಬದಲಾಗಿಲ್ಲ. ಇನ್ನೊಂದು ಮಾತು, ಹದಿನೈದು ಗಂಟೆ ದುಡಿದು ನಿದ್ದೆಗಣ್ಣಿನಲ್ಲಿ ಇರುವವನ ಕೈಯಲ್ಲಿ ಬೈಂಡಿಂಗ್ ವೈರಿನ ಗಂಟು ಬಿಗಿಯಾಗಿ ಬೀಳುವುದಿಲ್ಲ.

ಇನ್ನು ಸೋರುವ ಮಾತು. ಮೋಲ್ಡ್ ಸೋರುವುದಕ್ಕೂ ಕೆಲಸಗಾರನ ಊರಿಗೂ ಸಂಬಂಧವಿಲ್ಲ. ನೀರು ಹೆಚ್ಚು ಸುರಿದದ್ದು, ಕಾಂಕ್ರೀಟ್ ಕೂರಿಸುವ ವೈಬ್ರೇಟರ್ ಆಡಿಸದೆ ಬಿಟ್ಟದ್ದು, ಅರ್ಧಕ್ಕೆ ಮಿಕ್ಸರ್ ಕೆಟ್ಟು ಮಧ್ಯದಲ್ಲಿ ಜಾಯಿಂಟ್ ಬಿದ್ದದ್ದು, ಕಂಬಿಯನ್ನು ಶೀಟಿನಿಂದ ಎತ್ತಿ ಹಿಡಿಯುವ ಕವರಿಂಗ್ ಬ್ಲಾಕ್ ಕೆಳಗೆ ಇಡದೆ ತುಕ್ಕು ಹಿಡಿದದ್ದು, ಆಮೇಲೆ ಸರಿಯಾಗಿ ನೀರು ಕಟ್ಟದೆ ಬಿಸಿಲಿಗೆ ಬಿರುಕು ಬಂದದ್ದು, ನಾನು ನೋಡಿದ ಸೋರುವ ಮೋಲ್ಡುಗಳ ಹಿಂದೆ ಇವೇ ಇವೆ. ನಮ್ಮ ಊರಿನವರೂ ಇದನ್ನೆಲ್ಲ ಮಾಡುತ್ತಾರೆ, ಹೊರಗಿನವರೂ ಮಾಡುತ್ತಾರೆ. ನಾಳೆ ಹುಡುಕಬೇಕಾದವರು ಆ ಹುಡುಗರಲ್ಲ, ನಿಮ್ಮ ಮೇಸ್ತ್ರಿ. ಅದಕ್ಕೇ ಮೋಲ್ಡಿನ ಹೊಣೆ ತನ್ನದು ಎಂದು ಅವರ ಸಹಿ ಇರುವ ಒಂದು ಹಾಳೆ ಬರೆಸಿಕೊಳ್ಳಿ. ಮಾವನವರ ಆತಂಕಕ್ಕೆ ಉತ್ತರ ಅದರಲ್ಲಿದೆ.

ಮೋಲ್ಡಿನ ದಿನ ನೀವೇ ಕಣ್ಣಿಡಬೇಕಾದದ್ದು ನೀರಿನ ಮೇಲೆ. ಎಂ20 ದರ್ಜೆಯ ಕಾಂಕ್ರೀಟಿಗೆ 50 ಕೆ.ಜಿ. ಸಿಮೆಂಟ್ ಚೀಲಕ್ಕೆ 30 ಲೀಟರ್ ನೀರು ಎಂದರೆ ಅದೇ ಮಿತಿ, ಮರಳು ಒದ್ದೆ ಇದ್ದರೆ ಅದಕ್ಕಿಂತ ಕಡಿಮೆ. ಕಾಂಕ್ರೀಟ್ ಸುಲಭವಾಗಿ ಹರಡಲಿ ಎಂದು ಪೈಪು ಬಿಟ್ಟು ನೀರು ಹಾಕುವುದನ್ನು ಕಂಡರೆ ಕೂಡಲೇ ನಿಲ್ಲಿಸಿ. ಗೆರೆ ಹಾಕಿದ ಒಂದು ಬಕೆಟನ್ನು ಮಿಕ್ಸರ್ ಪಕ್ಕದಲ್ಲೇ ಇಡಿ. ಗೆರೆ ಓದಲು ಯಾರಿಗೂ ಕನ್ನಡ ಬರಬೇಕಾಗಿಲ್ಲ. ಕಂಬಿಯ ಕೆಳಗೆ 20 ಮಿ.ಮೀ. ಬ್ಲಾಕ್ ಇದೆಯೇ ಎಂದು ಹಿಂದಿನ ಸಂಜೆಯೇ ಏಣಿ ಹತ್ತಿ ನೋಡಿ, ಇಲ್ಲದ ಕಡೆ ಒಂದು ಬ್ಲಾಕ್ ಕೈಯಲ್ಲಿ ಹಿಡಿದು ತೋರಿಸಿ. ಅವರು ಮೋಲ್ಡಿಗೆ ಢಲಾಯಿ, ಜಲ್ಲಿಗೆ ಗಿಟ್ಟಿ, ಮರಳಿಗೆ ಬಾಲು ಅನ್ನುತ್ತಾರೆ, ಇಷ್ಟು ಗೊತ್ತಿದ್ದರೆ ಸಾಕು. ಎರಡೂ ಭಾಷೆ ಬಲ್ಲ ಮೇಸ್ತ್ರಿ ಮಾತ್ರ ಮೊದಲ ಚೀಲದಿಂದ ಕೊನೆಯ ಚೀಲದವರೆಗೂ ಅಲ್ಲೇ ಇರಬೇಕು. ಬೆಳಿಗ್ಗೆ ಪೂಜೆಗೆ ಕಾಯಿ ಒಡೆದು ಇನ್ನೊಂದು ಸೈಟಿಗೆ ಹೊರಟುಹೋಗುವ ಮೇಸ್ತ್ರಿಯನ್ನು ನಾನು ಒಪ್ಪುವುದಿಲ್ಲ.

ಸೆಂಟ್ರಿಂಗ್ ಬಿಚ್ಚುವ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಮಾಮೂಲು ಒಪಿಸಿ ಸಿಮೆಂಟಿಗೆ, 4.5 ಮೀಟರ್‌ವರೆಗಿನ ಅಗಲದ ಮೋಲ್ಡಿನ ಕೆಳಗಿನ ಆಸರೆ ಕಂಬಗಳನ್ನು 7 ದಿನ, ಅದಕ್ಕಿಂತ ದೊಡ್ಡದಾದರೆ 14 ದಿನ ಬಿಡಬೇಕು. ಬೀಮುಗಳಿಗೆ 6 ಮೀಟರ್‌ವರೆಗೆ 14 ದಿನ, ಮೇಲಾದರೆ 21 ದಿನ. ಅಂಗಡಿಯಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್, ಅದು ನಿಧಾನವಾಗಿ ಬಲ ಪಡೆಯುತ್ತದೆ. ಅದಕ್ಕೇ ನಾನು ಮೋಲ್ಡಿಗೆ 14, ಬೀಮಿಗೆ 21 ದಿನಕ್ಕಿಂತ ಮುಂಚೆ ಮುಟ್ಟಲು ಬಿಡುವುದಿಲ್ಲ. ಬೇಗ ಬಿಚ್ಚುವ ಒತ್ತಡ ಬರುವುದು ಹುಡುಗರಿಂದಲ್ಲ. ಶೀಟು, ಜಾಕಿಗೆ ದಿನದ ಬಾಡಿಗೆ ಓಡುತ್ತಿರುತ್ತದೆ, ಮುಂದಿನ ಮನೆಯವರು ಕಾಯುತ್ತಿರುತ್ತಾರೆ, ‘ಬಿಚ್ಚಿ’ ಅಂತ ಫೋನ್ ಬರುತ್ತದೆ. ಮೋಲ್ಡ್ ಹಾಕಿದ ತಾರೀಕು, ಬಿಚ್ಚುವ ತಾರೀಕು ಎರಡನ್ನೂ ಬಾಗಿಲ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬಣ್ಣದಲ್ಲಿ ಬರೆಸಿ.

ತಂಡ ಮೋಲ್ಡ್ ಮುಗಿಸಿ ಹೊರಟ ಮೇಲೆ ನೀರು ಕಟ್ಟುವವರು ಯಾರು ಎಂಬುದನ್ನೂ ಮೊದಲೇ ತೀರ್ಮಾನಿಸಿ, ಅದಕ್ಕೆ ಬೇರೆ ಕೂಲಿ ಕೊಡಿ. ಪಿಪಿಸಿಗೆ ಕನಿಷ್ಠ 10 ದಿನ ಬೇಕು, ನಮ್ಮ ಏಪ್ರಿಲ್ ಬಿಸಿಲಿಗೆ 14 ಇರಲಿ. ಹಬ್ಬದ ಲೆಕ್ಕವೂ ಇರಲಿ: ಬಿಹಾರದವರಿಗೆ ದೀಪಾವಳಿಯ ಆರನೇ ದಿನ ಛಠ್ ಬರುತ್ತದೆ, ಅದಕ್ಕೆ ಊರಿಗೆ ಹೋಗಲೇಬೇಕು. ಎರಡು ವರ್ಷಕ್ಕೊಮ್ಮೆ ನಮ್ಮ ದುರ್ಗಾಂಬಿಕೆ ಜಾತ್ರೆ ಬಂದಾಗ ಇಲ್ಲಿಯ ಗಾರೆಯವರು ಕರೆದರೂ ಬರುವುದಿಲ್ಲವಲ್ಲ, ಅವರಿಗೂ ಹಾಗೇ.

ಪ್ರಶ್ನೆ: ನಮ್ಮ ಪರಿಚಯದವರ ಮನೆ ಕೆಲಸದಲ್ಲಿ ಒಡಿಶಾದ ಹುಡುಗನೊಬ್ಬ ಎರಡನೇ ಮಹಡಿಯ ಅಂಚಿನಿಂದ ಬಿದ್ದು ಸೊಂಟ ಮುರಿದುಕೊಂಡ. ಕಂಟ್ರಾಕ್ಟರ್ ಫೋನೇ ಎತ್ತಲಿಲ್ಲ. ಮುಂದಿನ ತಿಂಗಳು ನಮ್ಮ ಮನೆಯ ಮೋಲ್ಡ್ ಇದೆ. ಹಾಗೇನಾದರೂ ಆದರೆ ಮಾಲೀಕರ ಹೊಣೆ ಎಷ್ಟು?
— ನಿವೃತ್ತ ಶಿಕ್ಷಕರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಸರ್, ಪರಿಹಾರದ ಲೆಕ್ಕ ಮೊದಲು ಹೇಳುತ್ತೇನೆ, ಅದು ಗೊತ್ತಾದರೆ ಮಿಕ್ಕದ್ದು ತಾನೇ ಅರ್ಥವಾಗುತ್ತದೆ. ಕೆಲಸದ ಜಾಗದಲ್ಲಿ ಕಾರ್ಮಿಕ ಸತ್ತರೆ ಅವನ ತಿಂಗಳ ಕೂಲಿಯ ಅರ್ಧವನ್ನು, ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸಿ ಕೊಡಬೇಕು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯಿಂದ ಬಂದ ಕ್ರಮ ಇದು. ಇಪ್ಪತ್ತೈದು ವರ್ಷದವನಿಗೆ ಆ ಅಂಕಿ 216.91. ತಿಂಗಳಿಗೆ ₹15,000 ಎಂದು ಹಿಡಿದರೂ ಮೊತ್ತ ₹16 ಲಕ್ಷ ದಾಟುತ್ತದೆ. ಗುತ್ತಿಗೆ ಕೊಟ್ಟಿದ್ದರೆ ಇದು ಗುತ್ತಿಗೆದಾರನ ತಲೆಯ ಮೇಲೆ. ಆದರೆ ದುಡ್ಡು ಉಳಿಸಲು ಗುತ್ತಿಗೆ ಬಿಟ್ಟು, ನೀವೇ ದಿನಗೂಲಿಗೆ ಆಳು ಕರೆದು ಮೋಲ್ಡ್ ಹಾಕಿಸಿದರೆ ಕೆಲಸ ಕೊಟ್ಟವರು ನೀವೇ ಆಗುತ್ತೀರಿ, ಹೊಣೆ ನಿಮ್ಮ ಕಡೆ ತಿರುಗಬಹುದು. ಎಷ್ಟೋ ಮೇಸ್ತ್ರಿಗಳ ಹತ್ತಿರ ಹದಿನಾರು ಸಾವಿರವೂ ಇರುವುದಿಲ್ಲ. ಹಾಗಾಗಿ ಕೆಲಸಗಾರರ ಪರಿಹಾರ ವಿಮೆ ಮಾಡಿಸಿ ಎಂದು ಒಪ್ಪಂದದಲ್ಲೇ ಬರೆಸಿ, ಪಾಲಿಸಿಯ ಪ್ರತಿ ನೋಡದೆ ಮುಂಗಡ ಕೊಡಬೇಡಿ. ಜೊತೆಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ: ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದ ಯಾರಿಗಾದರೂ ವರ್ಷಕ್ಕೆ ₹20 ಕಟ್ಟಿದರೆ ಅಪಘಾತದ ಸಾವಿಗೆ ₹2 ಲಕ್ಷ. ಹತ್ತು ಹುಡುಗರಿಗೆ ನೀವೇ ಕಟ್ಟಿಸಿದರೂ ₹200, ಅದಕ್ಕಿಂತ ಹೆಚ್ಚನ್ನು ಮೋಲ್ಡಿನ ದಿನದ ಹೂವಿಗೇ ಕೊಡುತ್ತೇವೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೊರ ರಾಜ್ಯದವರೂ ನೋಂದಾಯಿಸಿಕೊಳ್ಳಬಹುದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಸಹಾಯವಾಣಿ 155214.

ಕಾಗದಪತ್ರ ಬಿದ್ದವನನ್ನು ಎತ್ತುವುದಿಲ್ಲ. ಬೀಳದಂತೆ ನೋಡಿಕೊಳ್ಳುವ ಕೆಲಸ ಬೇರೆ ಇದೆ, ಅದು ದುಬಾರಿಯೂ ಅಲ್ಲ. ಮೋಲ್ಡಿನ ಅಂಚಿಗೆ ಸುತ್ತಲೂ ಎರಡು ಸಾಲು ಬೊಂಬಿನ ಗಳ ಕಟ್ಟಿಸಿ. ಮೆಟ್ಟಿಲಿಗೆ, ಡಕ್ಟಿಗೆ ಬಿಟ್ಟ ಜಾಗವನ್ನು ಹಲಗೆಯಿಂದ ಮುಚ್ಚಿಸಿ. ಚಪ್ಪಲಿಯಲ್ಲಿ ಒದ್ದೆ ಶೀಟಿನ ಮೇಲೆ ಓಡಾಡುವವರಿಗೆ ಬೂಟು ಕೊಡಿಸಿ. ಎಲ್ಲಕ್ಕಿಂತ ನನಗೆ ಭಯವಾಗುವುದು ಕರೆಂಟಿನದು. ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. ಅದನ್ನು ಕೆಳಗಿನಿಂದ ನೆಟ್ಟಗೆ ಮೇಲೆತ್ತುವಾಗ ತುದಿ ಬಾಗಿ ಹಿಂದಕ್ಕೆ ಹೋಗುತ್ತದೆ, ರಸ್ತೆ ಬದಿಯ 11 ಕೆ.ವಿ. ಲೈನಿಗೆ ತಗುಲಿದರೆ ಹಿಡಿದವರು ಉಳಿಯುವುದಿಲ್ಲ. ನಿಮ್ಮ ಮನೆ ಮುಂದೆ ಲೈನ್ ಇದ್ದರೆ ಕಂಬಿಯನ್ನು ಕೆಳಗೇ ಕತ್ತರಿಸಿ, ಹಿಂಭಾಗದಿಂದ ಏರಿಸಲು ಹೇಳಿ. ವಿದ್ಯುತ್ ಕಂಪನಿ ಬೆಸ್ಕಾಂಗೆ ಅರ್ಜಿ ಕೊಟ್ಟು ಆ ಹೊತ್ತಿಗೆ ಲೈನ್ ತೆಗೆಸಲು ಕೇಳಿ. ಊರಿಗೆ ಹೊಸಬರಾದ ಹುಡುಗರಿಗೆ ಯಾವ ತಂತಿಯಲ್ಲಿ ಎಷ್ಟು ಕರೆಂಟ್ ಇದೆ ಎಂದು ತಿಳಿಯುವುದು ಹೇಗೆ? ಹೇಳಬೇಕಾದವರು ನಾವು.

ಪ್ರಶ್ನೆ: ನಮ್ಮ ಮನೆಯ ಸೆಂಟ್ರಿಂಗ್ ಹುಡುಗರು ಬಂಗಾಳಿ ಮಾತಾಡುತ್ತಾರೆ. ಬೀದಿಯವರು ‘ಬಾಂಗ್ಲಾದವರು ಇರಬೇಕು, ಕೆಲಸ ನಿಲ್ಲಿಸಿ’ ಅಂತ ಬಂದು ಗಲಾಟೆ ಮಾಡಿದರು. ಹುಡುಗರು ಹೆದರಿದ್ದಾರೆ.
— ಹೆಸರು ಬೇಡ, ದಾವಣಗೆರೆ

ಉತ್ತರ: ಬಂಗಾಳಿ ಪಶ್ಚಿಮ ಬಂಗಾಳದ ಭಾಷೆ. ಮಾಲ್ಡಾ, ಮುರ್ಷಿದಾಬಾದ್ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ದೇಶದ ಉದ್ದಗಲಕ್ಕೂ ಜನ ಹೋಗುತ್ತಾರೆ. ಮಾತು ಕೇಳಿ ದೇಶ ತೀರ್ಮಾನ ಮಾಡುವ ಅಧಿಕಾರ ಬೀದಿಯವರಿಗೆ ಯಾರೂ ಕೊಟ್ಟಿಲ್ಲ. ಕೆಲಸ ಶುರುವಾಗುವ ಮುಂಚೆ ಎಲ್ಲರ ಗುರುತಿನ ಚೀಟಿಯ ಜೆರಾಕ್ಸ್ ಮತ್ತು ಮನೆಯವರ ಫೋನ್ ನಂಬರ್ ಮೇಸ್ತ್ರಿಯ ಹತ್ತಿರ ಇರಬೇಕು, ನೀವೂ ಒಮ್ಮೆ ನೋಡಬೇಕು. ಅಸಲು ಆಧಾರ್ ಕಾರ್ಡನ್ನು ಮಾತ್ರ ಕಿತ್ತಿಟ್ಟುಕೊಳ್ಳಬೇಡಿ, ಕಂಟ್ರಾಕ್ಟರ್ ಇಟ್ಟುಕೊಂಡಿದ್ದರೆ ವಾಪಸ್ ಕೊಡಿಸಿ. ನಿಜವಾಗಿ ಅನುಮಾನ ಇರುವವರು ಠಾಣೆಗೆ ತಿಳಿಸಲಿ, ವಿಚಾರಣೆ ಪೊಲೀಸರ ಕೆಲಸ. ಗಲಾಟೆಗೆ ಬಂದವರು ಮತ್ತೆ ಬಂದರೆ ಠಾಣೆಗೆ ಫೋನ್ ಮಾಡಬೇಕಾದವರೂ ನೀವೇ, ಯಾಕೆಂದರೆ ಹುಡುಗರು ನಿಮ್ಮ ಮನೆಯ ಕೆಲಸಕ್ಕೆ ಬಂದವರು.

ನಮ್ಮ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಮಾರಲು ಹೋಗಿದ್ದ ಸುಡಾನ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದಾಗ ನಾವೆಲ್ಲ ಇಲ್ಲಿ ಹೇಗೆ ತಳಮಳಿಸಿದ್ದೆವು! ನಿಮ್ಮ ಸೆಂಟ್ರಿಂಗ್ ಹುಡುಗರ ಮನೆಯಲ್ಲೂ ಇವತ್ತು ಅಂಥದೇ ತಳಮಳ ಇರುತ್ತದೆ.

ಪ್ರಶ್ನೆ: ಮಗನ ಮನೆಗೆಂದು ಅಮೆರಿಕದ ಡಲ್ಲಾಸ್‌ಗೆ ಬಂದಿದ್ದೇವೆ. ಆಲಿಕಲ್ಲು ಮಳೆಗೆ ಮನೆಯ ಚಾವಣಿ ಹಾಳಾಗಿದೆ. ಒಬ್ಬ ಬಾಗಿಲಿಗೇ ಬಂದು ‘ವಿಮೆಯಲ್ಲಿ ನಿಮ್ಮ ಪಾಲಿನ ಹಣ ನಾವೇ ನೋಡಿಕೊಳ್ಳುತ್ತೇವೆ’ ಎಂದ. ಪಕ್ಕದ ಮನೆಯಲ್ಲಿ ಅವನ ಕಡೆಯ ಸ್ಪ್ಯಾನಿಷ್ ಮಾತಾಡುವ ಹುಡುಗರು ಹಗ್ಗವಿಲ್ಲದೆ ಇಳಿಜಾರು ಚಾವಣಿಯ ಮೇಲೆ ಓಡಾಡುತ್ತಿದ್ದರು. ಮಗ ‘ಅದು ಕಂಟ್ರಾಕ್ಟರ್‌ಗೆ ಬಿಟ್ಟದ್ದು’ ಅಂತಾನೆ. ಹೌದೇ?
— ನಿವೃತ್ತ ಬ್ಯಾಂಕ್ ನೌಕರರು, ಎಂಸಿಸಿ ‘ಬಿ’ ಬ್ಲಾಕ್, ದಾವಣಗೆರೆ

ಉತ್ತರ: ಅಲ್ಲಿಯದು ನಮ್ಮ ಹಾಗೆ ಆರ್‌ಸಿಸಿ ಅಲ್ಲ. ಮರದ ಚೌಕಟ್ಟು, ಅದರ ಮೇಲೆ ಹಲಗೆ, ಅದರ ಮೇಲೆ ಡಾಂಬರಿನ ಶಿಂಗಲ್ ಬಿಲ್ಲೆ. ಒಂದು ತಂಡ ಒಂದೆರಡು ದಿನದಲ್ಲೇ ಹಳೆಯದನ್ನು ಕಿತ್ತು ಹೊಸದು ಹೊದಿಸಿ ಹೋಗುತ್ತದೆ, ಆದ್ದರಿಂದ ವಿಚಾರಿಸುವುದೆಲ್ಲ ಮೊದಲೇ ಆಗಬೇಕು. ಬಾಗಿಲಿಗೆ ಬಂದವನನ್ನು ಒಪ್ಪಬೇಡಿ. ವಿಮೆಯಲ್ಲಿ ಮಾಲೀಕರು ಕೊಡಬೇಕಾದ ಪಾಲನ್ನು ಕಂಟ್ರಾಕ್ಟರ್ ಬಿಟ್ಟುಕೊಡುವುದು ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯದಲ್ಲಿ 2019ರ ಕಾನೂನಿನ ಪ್ರಕಾರ ತಪ್ಪು. ಅಲ್ಲಿ ಕೆಲಸ ಕೊಡುವ ಖಾಸಗಿಯವರಿಗೆ ಕಾರ್ಮಿಕರ ಪರಿಹಾರ ವಿಮೆ ಕಡ್ಡಾಯವೂ ಅಲ್ಲ. ಹಾಗಾಗಿ ಕಂಟ್ರಾಕ್ಟರ್‌ನ ವಿಮಾ ಪ್ರಮಾಣಪತ್ರವನ್ನು ವಿಮಾ ಕಂಪನಿಯಿಂದಲೇ ನೇರವಾಗಿ ತರಿಸಿಕೊಳ್ಳಲು ಮಗನಿಗೆ ಹೇಳಿ.

ಕಟ್ಟಡ ಕೆಲಸದಲ್ಲಿ 6 ಅಡಿ ಮೇಲೆ ಹತ್ತಿದರೆ ಬೀಳದಂತೆ ರಕ್ಷಣೆ ಇರಲೇಬೇಕು ಎಂಬುದು ಆ ದೇಶದ ನಿಯಮ. ಹಗ್ಗ, ಬೆಲ್ಟ್ ಇಲ್ಲದೆ ಹತ್ತುವುದು ಬೇಡ ಎಂದು ಒಪ್ಪಂದದಲ್ಲಿ ಬರೆಸುವುದು ಮಗನ ಕೈಯಲ್ಲಿದೆ. ಹುಡುಗರ ವಲಸೆ ಕಾಗದ ಕೇಳುವುದು ಮನೆಯವರ ಕೆಲಸವಲ್ಲ, ಅದನ್ನು ನೋಡಬೇಕಾದವನು ಅವರಿಗೆ ಸಂಬಳ ಕೊಡುವವನು. ಕಾಗದ ಸರಿಯಿಲ್ಲದವನು ಕೂಲಿ ಸಿಗದಿದ್ದರೂ ಬಾಯಿ ಬಿಡಲಾರ, ಅದನ್ನೇ ದುರುಪಯೋಗ ಮಾಡಿಕೊಳ್ಳುವ ಕಂಟ್ರಾಕ್ಟರುಗಳಿದ್ದಾರೆ. ಇನ್ನೊಂದು ಮಾತು: ಕಂಟ್ರಾಕ್ಟರ್ ಕೆಳಗಿನವರಿಗೆ ಅಥವಾ ಸಾಮಾನು ಕೊಟ್ಟವರಿಗೆ ದುಡ್ಡು ಕೊಡದೆ ಹೋದರೆ ಅವರು ನಿಮ್ಮ ಮಗನ ಮನೆಯ ಮೇಲೆಯೇ ಹಕ್ಕು ಸಾಧಿಸಬಹುದು. ಎಲ್ಲರಿಗೂ ಸಂದಾಯವಾಗಿದೆ ಎಂಬ ಬರಹ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡಲಿ. ಇಲ್ಲಿಯೂ ನಾನು ಹೇಳುವುದು ಅದನ್ನೇ: ಶನಿವಾರದ ಬಟವಾಡೆ ಹೊತ್ತಿಗೆ ಸೈಟಿನಲ್ಲಿ ನಿಂತು, ಕೂಲಿ ಕೈಗೆ ಬಂತಾ ಎಂದು ಹುಡುಗರನ್ನೇ ಕೇಳಿ.

ಪ್ರಶ್ನೆ: ರಾಯಚೂರು ಕಡೆಯ ಗಂಡ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು ನಮ್ಮ ಸೈಟಿನ ಶೆಡ್ಡಿನಲ್ಲೇ ಇದ್ದಾರೆ. ಮೋಲ್ಡ್ ಮುಗಿಯುವವರೆಗೆ ಇರಲಿ ಅಂದಿದ್ದೇವೆ. ಮಕ್ಕಳದ್ದೇ ಚಿಂತೆ.
— ಮೆದೇಹಳ್ಳಿ ರಸ್ತೆ, ಚಿತ್ರದುರ್ಗ

ಉತ್ತರ: ಇವತ್ತೇ ನೀರಿನ ಸಂಪಿನ ಬಾಯಿಗೆ ಗಟ್ಟಿ ಮುಚ್ಚಳ ಹಾಕಿಸಿ, ಬೀಗ ಹಾಕಿ. ನೀರು ಕಟ್ಟಲು ಸಂಪು ತುಂಬಿಸಿ, ಮೇಲೆ ಒಂದು ಪ್ಲೈವುಡ್ ತುಂಡು ಇಟ್ಟು ಬಿಡುತ್ತಾರೆ. ಅದು ಮಗುವಿನ ಭಾರಕ್ಕೂ ತಡೆಯುವುದಿಲ್ಲ. ಚಿಕ್ಕದನ್ನು ಹತ್ತಿರದ ಅಂಗನವಾಡಿಗೆ ಕಳಿಸಿ. ಆರು ವರ್ಷ ದಾಟಿದ್ದರೆ ಸರ್ಕಾರಿ ಶಾಲೆಗೆ ನೀವೇ ಕರೆದುಕೊಂಡು ಹೋಗಿ. ವರ್ಷದ ನಡುವೆ ಬಂದರು, ಟಿಸಿ ಇಲ್ಲ ಎಂಬ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಶೆಡ್ಡಿಗೆ ಒಂದು ಬಲ್ಬು, ಹೆಣ್ಣುಮಗಳಿಗೆ ಬಾಗಿಲಿರುವ ಶೌಚಾಲಯ ಇವೆರಡನ್ನೂ ಮೋಲ್ಡಿಗಿಂತ ಮುಂಚೆ ಮಾಡಿಸಿಕೊಡಿ.